ಲಾ ಸ್ಕೂಲ್ ಪರ್ಸನಲ್ ಸ್ಟೇಟ್‌ಮೆಂಟ್ ತಿದ್ದಿಕೊಡುವ ಸೇವೆಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದು ದಂಡ

ಎರಡು ಪುಟ. ಲಾ ಸ್ಕೂಲಿನ ಅರ್ಜಿ ಜೊತೆ ನಿಮ್ಮ ಬಗ್ಗೆ ನೀವೇ ಬರೆದುಕೊಡುವ ಪರ್ಸನಲ್ ಸ್ಟೇಟ್‌ಮೆಂಟಿನ ಅಳತೆ ಇಷ್ಟೇ: ಡಬಲ್ ಸ್ಪೇಸ್, 11 ಅಥವಾ 12 ಪಾಯಿಂಟ್ ಅಕ್ಷರ, ಸುತ್ತಲೂ ಒಂದಿಂಚು ಅಂಚು. ಪದಗಳಲ್ಲಿ ಹೇಳುವುದಾದರೆ 550ರಿಂದ 700. ಅಮೆರಿಕದಲ್ಲಿ ಡಿಗ್ರಿ ಮುಗಿಸಿ ಮೂರು ವರ್ಷದ ಕಾನೂನು ಪದವಿ ಜೆಡಿಗೆ ಅರ್ಜಿ ಹಾಕುವವರು ಈ ಎರಡು ಪುಟಕ್ಕೆ ಸುರಿಯುವ ದುಡ್ಡು ಕೆಲವೊಮ್ಮೆ ಎಲ್‌ಸ್ಯಾಟ್ ಪ್ರವೇಶ ಪರೀಕ್ಷೆಯ ಶುಲ್ಕ ಮತ್ತು ಹತ್ತು ಕಾಲೇಜಿನ ಅರ್ಜಿ ಶುಲ್ಕ ಎರಡನ್ನೂ ಮೀರಿಸುತ್ತದೆ. ಹಾಗಾಗಿ ಈ ಸೇವೆಗಳನ್ನು ಬಗೆಬಗೆಯಾಗಿ ತೂಗಿ ನೋಡಬೇಕಾಗಿದೆ. ಒಂದೊಂದು ಕಂಪನಿಯ ಹೆಸರು ಹಿಡಿದು ಹೋದರೆ ಪ್ರಯೋಜನ ಕಡಿಮೆ. ಒಂದೇ ಕಂಪನಿಯಲ್ಲಿ ಚೆನ್ನಾಗಿ ಓದುವವರೂ ಇರುತ್ತಾರೆ, ಕೆಂಪು ಬಣ್ಣ ಬಳಿದು ಕಳಿಸುವವರೂ ಇರುತ್ತಾರೆ. ಸೇವೆಯ ಬಗೆ ನೋಡಿ ಆರಿಸಿದರೆ ಮೋಸ ಹೋಗುವುದು ಕಮ್ಮಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬರೆಯುವುದಕ್ಕೆ ಮುಂಚೆ ಪ್ರಶ್ನೆ ಕೇಳುವವರಿಗೆ ಕೊಟ್ಟ ದುಡ್ಡಿಗೆ ಬೆಲೆ ಸಿಗುತ್ತದೆ. ಬರೆದಾದ ಮೇಲೆ ಹೊಳಪು ಕೊಡುತ್ತೇವೆ ಎನ್ನುವವರಿಗೆ ಕೊಟ್ಟದ್ದು ಬಹುಪಾಲು ವ್ಯರ್ಥ. ಎಷ್ಟೋ ಸಲ ಇದ್ದ ಬರಹವೂ ಕೆಡುತ್ತದೆ.

ಮೊದಲು ಕಾಲೇಜುಗಳು ಕೇಳುತ್ತಿರುವುದೇನು ಎಂಬುದು ಗೊತ್ತಿರಬೇಕು, ಏಕೆಂದರೆ ಇಲ್ಲೇ ಹಲವು ಸೇವೆಗಳು ಜಾರುತ್ತವೆ. ಎರಡು ಪುಟ ಎನ್ನುವುದು ರೂಢಿ, ಕಾನೂನಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಲಾ ಸ್ಕೂಲ್ ನಾಲ್ಕು ಪುಟದವರೆಗೆ ಬಿಡುತ್ತದೆ. ಹಾರ್ವರ್ಡ್ ಹಳೆಯ ಪರ್ಸನಲ್ ಸ್ಟೇಟ್‌ಮೆಂಟನ್ನು ಕೈಬಿಟ್ಟು 2023ರ ಪ್ರವೇಶ ಸುತ್ತಿನಿಂದ ಎರಡು ಬರಹ ಕೇಳುತ್ತಿದೆ. ಒಂದು 'ಸ್ಟೇಟ್‌ಮೆಂಟ್ ಆಫ್ ಪರ್ಪಸ್': ಕಾನೂನು ಏಕೆ, ಮುಂದಿನ ಗುರಿ ಏನು. ಇನ್ನೊಂದು 'ಸ್ಟೇಟ್‌ಮೆಂಟ್ ಆಫ್ ಪರ್‌ಸ್ಪೆಕ್ಟಿವ್': ನಿಮ್ಮ ಹಿನ್ನೆಲೆ, ಅನುಭವ ನಿಮ್ಮನ್ನು ಹೇಗೆ ರೂಪಿಸಿವೆ. ಉಳಿದ ಕಡೆಗೆ ಬರೆದ ಎರಡು ಪುಟವನ್ನು ಹಾಗೇ ಒಂದು ಪೆಟ್ಟಿಗೆಗೆ ಹಾಕಿದರೆ ಇನ್ನೊಂದರಲ್ಲಿ ಹೇಳಲು ಏನೂ ಉಳಿಯುವುದಿಲ್ಲ. "ಒಂದು ಸ್ಟೇಟ್‌ಮೆಂಟ್, ಎಲ್ಲ ಕಾಲೇಜಿಗೂ ಸಾಕು" ಎಂದು ಮಾರುವ ಪ್ಯಾಕೇಜಿನವರನ್ನು ಇದೊಂದೇ ಪ್ರಶ್ನೆಯಿಂದ ಅಳೆಯಬಹುದು: ಹಾರ್ವರ್ಡಿಗೆ ಏನು ಮಾಡುತ್ತೀರಿ? ಉತ್ತರ ತಡವರಿಸಿದರೆ ಅವರ ಬಳಿ ಇರುವುದು ಹಳೇ ಅಚ್ಚು.

ಇನ್ನು ಒಂದು ಫೈಲನ್ನಷ್ಟೇ ತಿದ್ದಿಕೊಡುವ 'ಬಿಡಿ ತಿದ್ದುಪಡಿ'. ನೀವು ವರ್ಡ್ ಫೈಲ್ ಕಳಿಸುತ್ತೀರಿ, ಎರಡು ಮೂರು ದಿನದಲ್ಲಿ ಟ್ರ್ಯಾಕ್ ಚೇಂಜಸ್ ಜೊತೆ ವಾಪಸ್ ಬರುತ್ತದೆ. ಪದಕ್ಕಿಷ್ಟು ಅಥವಾ ಫೈಲಿಗಿಷ್ಟು ದರ. ಅಗ್ಗವಾಗಿರುವುದರಿಂದ ಅತಿ ಹೆಚ್ಚು ಜನ ಕೊಳ್ಳುವುದೂ ಇದನ್ನೇ. ತಿದ್ದುವವರು ನಿಮ್ಮ ರೆಸ್ಯೂಮೆ ನೋಡಿರುವುದಿಲ್ಲ, ಅಂಕಪಟ್ಟಿ (ಟ್ರಾನ್‌ಸ್ಕ್ರಿಪ್ಟ್) ನೋಡಿರುವುದಿಲ್ಲ, ಶಿಫಾರಸು ಪತ್ರ ಯಾರು ಬರೆಯುತ್ತಿದ್ದಾರೆಂದು ಗೊತ್ತಿರುವುದಿಲ್ಲ. ಅಡ್ಮಿಶನ್ ಕಮಿಟಿ ಕೈಗೆ ಮಾತ್ರ ಇಡೀ ಕಡತ ಒಟ್ಟಿಗೇ ಹೋಗುತ್ತದೆ. ರೆಸ್ಯೂಮೆಯಲ್ಲಿ ಇರುವುದನ್ನೇ ಸ್ಟೇಟ್‌ಮೆಂಟ್ ಮತ್ತೆ ಹೇಳುತ್ತಿದೆ ಎಂಬ ಅತಿ ದೊಡ್ಡ ದೋಷ ಬಿಡಿ ತಿದ್ದುಪಡಿಯಲ್ಲಿ ಕಾಣಿಸುವ ಸಾಧ್ಯತೆಯೇ ಇಲ್ಲ.

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಕೊಟ್ಟ ದುಡ್ಡಿಗೆ ಕೆಲಸ ಕಾಣಬೇಕಲ್ಲ, ಹಾಗಾಗಿ ತಿದ್ದುವವರು ಚೆನ್ನಾಗಿರುವ ವಾಕ್ಯವನ್ನೂ ಮುಟ್ಟುತ್ತಾರೆ. ಒಂದು ಕಲ್ಪಿತ ಉದಾಹರಣೆ ನೋಡಿ. ಬಾಡಿಗೆ ವ್ಯಾಜ್ಯದ ಕೋರ್ಟಿನಲ್ಲಿ ದುಭಾಷಿಯಾಗಿ ದುಡಿದ ಅಭ್ಯರ್ಥಿ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: "'ನಿಮ್ಮನ್ನು ಬಿಡಿಸ್ತಾರಂತೆ' ಅಂದೆ. ಅಜ್ಜಿಯ ಮುಖ ಅರಳಿತು. ಬಿಡಿಸುವುದು ಮನೆಯನ್ನು ಎಂದು ಹೇಳುವಷ್ಟರಲ್ಲಿ ಜಡ್ಜ್ ಮುಂದಿನ ಕೇಸು ಕರೆದಾಗಿತ್ತು." ತಿದ್ದಿ ಬಂದ ಪ್ರತಿ: "ಭಾಷೆಯ ಅಡೆತಡೆಗಳು ನ್ಯಾಯದ ಲಭ್ಯತೆಯ ಮೇಲೆ ಬೀರುವ ಗಾಢ ಪರಿಣಾಮವನ್ನು ಈ ಅನುಭವ ನನಗೆ ಮನಗಾಣಿಸಿತು." ಎರಡನೆಯದರಲ್ಲಿ ವ್ಯಾಕರಣ ದೋಷ ಒಂದೂ ಇಲ್ಲ. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು, ಕೋರ್ಟಿನ ಮೆಟ್ಟಿಲು ಹತ್ತದವರೂ ಬರೆಯಬಹುದು. ಮೊದಲನೆಯದರಲ್ಲಿ ಒಂದು ಪದದ ಎರಡು ಅರ್ಥದ ನಡುವೆ ಒಬ್ಬರ ಮನೆ ಹೋಗುತ್ತದೆ. ಕಾನೂನು ಓದಲು ಬಂದವರಿಗೆ ಪದದ ತೂಕ ಗೊತ್ತು ಎಂಬುದು ಹೇಳದೆಯೇ ಗೊತ್ತಾಗುತ್ತದೆ.

ಹೀಗೆ ತಿಕ್ಕಿ ತೊಳೆದ ಬರಹಕ್ಕೆ ಇನ್ನೊಂದು ಅಪಾಯವಿದೆ. ಎಲ್‌ಸ್ಯಾಟ್ ಜೊತೆ ಬರೆಯುವ 'ಆರ್ಗ್ಯುಮೆಂಟೇಟಿವ್ ರೈಟಿಂಗ್' ಭಾಗಕ್ಕೆ ಅಂಕವಿಲ್ಲ, ನಿಜ. ಆದರೆ ಕ್ಯಾಮೆರಾ ನಿಗಾದಲ್ಲಿ ಬರೆದ ಆ ಪ್ರತಿ ಕಾಲೇಜಿಗೆ ಹೋಗುತ್ತದೆ. 2024ರಲ್ಲಿ ಬಂದ ಹೊಸ ಮಾದರಿಯಲ್ಲಿ ಟಿಪ್ಪಣಿ ಮಾಡಿಕೊಳ್ಳಲು 15 ನಿಮಿಷ, ಬರೆಯಲು 35 ನಿಮಿಷ. ಅಲ್ಲಿ ಸರಳ, ಚಿಕ್ಕ ವಾಕ್ಯ ಬರೆದವರ ಸ್ಟೇಟ್‌ಮೆಂಟಿನಲ್ಲಿ ನಾಲ್ಕು ಸಾಲಿನ ಸಮಾಸಗಳು ತುಂಬಿದ್ದರೆ ಓದುವವರಿಗೆ ಅನುಮಾನ ಬರುವುದು ಸಹಜ. ಆತುರದಲ್ಲಿ ಬರೆದದ್ದಕ್ಕೂ ವಾರಗಟ್ಟಲೆ ತಿದ್ದಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ದನಿಯೇ ಬೇರೆಯಾಗಬಾರದು.

ಗಂಟೆ ಲೆಕ್ಕದ ಸಲಹೆಗೆ ಬರೋಣ. ದರ ಗಂಟೆಗೆ ನೂರಿನ್ನೂರು ಡಾಲರಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ದುಡ್ಡು ಕೊಡಲೇಬೇಕೆಂದಿದ್ದರೆ ನಮ್ಮ ಮತ ಇದಕ್ಕೆ, ಅದೂ ಮೂರು ಗಂಟೆ ಮೀರದಂತೆ. ಮೊದಲ ಗಂಟೆಯಲ್ಲಿ ಬರೆದ ಪ್ರತಿಯೇ ಇರಬಾರದು. ಅದರ ಬದಲು ಒಂದು ಹಾಳೆ ಕಳಿಸಿರಿ: ಕಳೆದ ಐದಾರು ವರ್ಷದ ಎಂಟು ಹತ್ತು ಘಟನೆ, ಪ್ರತಿಯೊಂದಕ್ಕೂ ಎರಡೇ ಸಾಲು. ಮೊದಲ ಸಾಲಿನಲ್ಲಿ ಏನಾಯಿತು. ಎರಡನೆಯದರಲ್ಲಿ ನೀವು ಏನು ನಿರ್ಧರಿಸಿದಿರಿ ಅಥವಾ ಯಾವ ಅಭಿಪ್ರಾಯ ಬದಲಿಸಿಕೊಂಡಿರಿ. ಎರಡನೆಯ ಸಾಲು ಖಾಲಿ ಉಳಿದ ಘಟನೆ ಎಷ್ಟೇ ದೊಡ್ಡದಾಗಿದ್ದರೂ ಸ್ಟೇಟ್‌ಮೆಂಟಿಗೆ ಒದಗುವುದಿಲ್ಲ. ಜೊತೆಗೆ ರೆಸ್ಯೂಮೆ, ಟ್ರಾನ್‌ಸ್ಕ್ರಿಪ್ಟ್, ಶಿಫಾರಸು ಬರೆಯುವವರ ಹೆಸರು. ಒಳ್ಳೆಯ ಸಲಹೆಗಾರರು ಇವನ್ನು ಕೇಳಿಯೇ ಕೇಳುತ್ತಾರೆ. ಕೇಳದೆ "ಹೋದ ವರ್ಷ ಗೆದ್ದ ಸ್ಯಾಂಪಲ್ ಕಳಿಸುತ್ತೇನೆ, ನೋಡಿ ಬರೆಯಿರಿ" ಎಂದರೆ ಅಲ್ಲಿಗೇ ನಿಲ್ಲಿಸಿ. ಸ್ಯಾಂಪಲ್ ಓದಿದವರ ಮೊದಲ ಪ್ಯಾರಾ ಸ್ಯಾಂಪಲಿನ ಅಚ್ಚಿನಲ್ಲೇ ಬೀಳುತ್ತದೆ. ಎದೆ ಬಡಿತ, ಬೆವರಿದ ಅಂಗೈ, ಯಾರೋ ಕೂಗಿದ ಒಂದು ಮಾತು.

ಈ ಗಂಟೆಯಲ್ಲಿ ವಿಷಯ ಸೋಸಬೇಕು. ಯಾವುದು ಸೋಲುತ್ತದೆ ಎಂಬುದನ್ನು ಸಲಹೆಗಾರರು ಕಾರಣ ಸಮೇತ ಹೇಳಬಲ್ಲರೇ ನೋಡಿ. ಅಜ್ಜನ ಹೋರಾಟದ ಕಥೆ ಸೋಲುವುದು ಅಜ್ಜ ಗೆಲ್ಲುವುದರಿಂದ: ಓದಿ ಮುಗಿಸಿದ ಕಮಿಟಿಗೆ ಅಜ್ಜನನ್ನೇ ಸೇರಿಸಿಕೊಳ್ಳೋಣ ಅನ್ನಿಸುತ್ತದೆ. "ಚಿಕ್ಕಂದಿನಿಂದಲೂ ವಾದ ಮಾಡುತ್ತಿದ್ದೆ" ಎಂಬುದು ಸೋಲುವುದು ವಾದ ಮಾಡುವುದೇ ವಕೀಲಿಕೆ ಎಂಬ ತಪ್ಪು ತಿಳುವಳಿಕೆ ಹೊರಬೀಳುವುದರಿಂದ. ವಕೀಲಿಕೆಯ ಹೆಚ್ಚಿನ ಭಾಗ ಓದುವುದು, ಕರಡು ಬರೆಯುವುದು, ಕೇಳಿಸಿಕೊಳ್ಳುವುದು. ಸಾಂವಿಧಾನಿಕ ತತ್ವಗಳ ಮೇಲಿನ ಪ್ರಬಂಧ ಸೋಲುವುದು ಓದುತ್ತಿರುವವರೇ ಕಾನೂನು ಪದವೀಧರರಾಗಿರಬಹುದು ಎಂಬ ಕಾರಣಕ್ಕೆ. ಕಷ್ಟದ ಕಥೆ ತಾನಾಗಿ ಸೋಲುವುದಿಲ್ಲ. ಎರಡು ಪುಟದಲ್ಲಿ ಒಂದೂವರೆ ಪುಟ ಕಷ್ಟವೇ ಆಗಿ, ಅದರಿಂದ ನೀವು ಮಾಡಿದ್ದಕ್ಕೆ ಕೊನೆಯ ಪ್ಯಾರಾ ಮಾತ್ರ ಸಿಕ್ಕರೆ ಸೋಲುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಕಷ್ಟಕ್ಕೆ ಕೊಡಬೇಡಿ.

ಕಡಿಮೆ ಜಿಪಿಎಗೆ ಸಮಜಾಯಿಷಿ, ಎರಡು ಸಲ ಎಲ್‌ಸ್ಯಾಟ್ ಬರೆದದ್ದೇಕೆ, ಒಂದು ಸೆಮಿಸ್ಟರ್ ಬಿಟ್ಟದ್ದೇಕೆ ಎಂಬುದೆಲ್ಲ ಸ್ಟೇಟ್‌ಮೆಂಟಿನೊಳಗೆ ಬರಲೇಬಾರದು. ಅದಕ್ಕೆ 'ಅಡೆಂಡಮ್' ಎಂಬ ಬೇರೆ ಹಾಳೆಯಿದೆ. ಅರ್ಧ ಪುಟ ಸಾಕು: ಏನಾಯಿತು, ಯಾವಾಗಿನಿಂದ ಯಾವಾಗಿನವರೆಗೆ, ಈಗ ಹೇಗಿದೆ. ವಿಶೇಷಣ ಬೇಡ, ಕ್ಷಮೆ ಕೇಳುವುದೂ ಬೇಡ. ಇದನ್ನು ಸ್ಟೇಟ್‌ಮೆಂಟಿಗೆ ತುರುಕಲು ಹೇಳುವ ಸಲಹೆಗಾರರಿಗೆ ಅರ್ಜಿಯ ರಚನೆಯೇ ಗೊತ್ತಿಲ್ಲ.

ಎರಡನೆಯ ಗಂಟೆ ಮೊದಲ ಕರಡಿಗೆ. ಕರಡು 900ರಿಂದ 1000 ಪದ ಇರಲಿ. ಕತ್ತರಿಸಲು ಬಟ್ಟೆ ಬೇಕು. ಇಲ್ಲಿ ಸಲಹೆಗಾರರು ಮಾಡಬೇಕಾದ ಕೆಲಸ ಒಂದೇ. ಓದಿ, ಫೈಲ್ ಮುಚ್ಚಿ, "ಈ ಬರೆದವರ ಬಗ್ಗೆ ನನಗೆ ತಿಳಿದದ್ದು ಇಷ್ಟು" ಎಂದು ಒಂದು ವಾಕ್ಯದಲ್ಲಿ ಹೇಳುವುದು. ನೀವು ಹೇಳಹೊರಟಿದ್ದಕ್ಕೂ ಅವರು ಕೇಳಿಸಿಕೊಂಡದ್ದಕ್ಕೂ ಎಷ್ಟು ಅಂತರ ಎಂಬುದೇ ನೀವು ದುಡ್ಡು ಕೊಟ್ಟು ಪಡೆಯುವ ಮಾಲು. ಅಲ್ಪವಿರಾಮ ಹಾಕಿಸಿಕೊಳ್ಳಲು ಗಂಟೆಗೆ ಇಷ್ಟು ದುಡ್ಡು ಕೊಡುವುದು ಬಂಗಾರದ ಕತ್ತಿಯಲ್ಲಿ ಹುಲ್ಲು ಕೊಯ್ದ ಹಾಗೆ. ಮೂರನೆಯ ಗಂಟೆ ಎರಡು ಪುಟಕ್ಕೆ ಇಳಿದ ಪ್ರತಿಗೆ. ಸಾಮಾನ್ಯವಾಗಿ ಕತ್ತರಿ ಬೀಳಬೇಕಾದದ್ದು ಮೊದಲ ಪ್ಯಾರಾಕ್ಕೆ, ಏಕೆಂದರೆ ಬರಹ ನಿಜವಾಗಿ ಶುರುವಾಗುವುದು ಎರಡನೆಯದರಲ್ಲಿ. ಕೊನೆಯ ಪ್ಯಾರಾದಲ್ಲಿ ಕಾಲೇಜನ್ನು ಹೊಗಳಿದ್ದರೆ ಅದೂ ಹೋಗಲಿ. ನಿರ್ದಿಷ್ಟ ಕ್ಲಿನಿಕ್ (ವಿದ್ಯಾರ್ಥಿಗಳು ನಿಜವಾದ ಕೇಸು ನೋಡುವ ಘಟಕ), ನಿರ್ದಿಷ್ಟ ವಿಷಯಕ್ಕೆ ನಿಮ್ಮ ಹಿಂದಿನ ಕೆಲಸ ಕೊಂಡಿ ಹಾಕಿದರೆ ಮಾತ್ರ ಉಳಿಸಿ.

ಈ ಮೂರೂ ಗಂಟೆಗಳ ನಡುವೆ ಕನಿಷ್ಠ ಎರಡೆರಡು ವಾರ ಬಿಡಿ. ಅರ್ಜಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ತೆರೆಯುತ್ತವೆ, ಹೆಚ್ಚಿನ ಕಾಲೇಜುಗಳು ಬಂದ ಹಾಗೇ ಓದಿ ಸೀಟು ಕೊಡುತ್ತಾ ಹೋಗುತ್ತವೆ. ಜುಲೈನಲ್ಲಿ ಘಟನೆಗಳ ಹಾಳೆ ಮಾಡಿಕೊಂಡವರಿಗೆ ಆತುರವಿಲ್ಲ. ನವೆಂಬರಿನಲ್ಲಿ ಶುರುಮಾಡಿದವರಿಗೆ ಇದೇ ಸಲಹೆಗಾರರು "ತುರ್ತು ಶುಲ್ಕ" ಹಾಕುತ್ತಾರೆ. ಕೆಲಸ ಅದೇ, ಆದರೆ ನಡುವೆ ಬರಹ ತಣ್ಣಗಾಗಲು ಸಮಯ ಸಿಗುವುದಿಲ್ಲ.

ಪೂರ್ತಿ ಪ್ಯಾಕೇಜಿನ ಬೆಲೆ ಸಾವಿರಾರು ಡಾಲರ್. ಕಾಲೇಜುಗಳ ಪಟ್ಟಿ, ಸ್ಟೇಟ್‌ಮೆಂಟ್, ರೆಸ್ಯೂಮೆ, ಅಡೆಂಡಮ್, 'ಈ ಕಾಲೇಜೇ ಏಕೆ' ಬರಹಗಳು, ಸಂದರ್ಶನ ತಯಾರಿ, ವೇಟ್‌ಲಿಸ್ಟ್ ಪತ್ರ ಎಲ್ಲವೂ ಸೇರಿರುತ್ತದೆ. ಡಿಗ್ರಿ ಮುಗಿಸಿ ಎಂಟು ಹತ್ತು ವರ್ಷವಾಗಿ ಯಾವ ಕಾಲೇಜಿನ ಸಂಪರ್ಕವೂ ಇಲ್ಲದವರಿಗೆ, ಶಿಸ್ತು ಕ್ರಮದ ದಾಖಲೆ ಅಥವಾ ಪೊಲೀಸ್ ಕೇಸಿನಂಥ ಜಟಿಲ ವಿವರ ಬಹಿರಂಗಪಡಿಸಬೇಕಾದವರಿಗೆ ಇದರಿಂದ ಉಪಯೋಗವಾಗಬಹುದು. ಉಳಿದವರಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತವಾಗಿ ಮಾಡಿಕೊಳ್ಳುವ ಕೆಲಸ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವ "ಎಷ್ಟು ಸಲ ಬೇಕಾದರೂ ತಿದ್ದುಪಡಿ" ಎಂಬ ಸೌಲಭ್ಯವೇ ಪ್ಯಾಕೇಜಿನ ದೊಡ್ಡ ಕುತ್ತು. ಐದನೆಯ ಪ್ರತಿಯ ನಂತರ ಬರಹ ಸುಧಾರಿಸುವುದು ವಿರಳ, ಬರೀ ಬದಲಾಗುತ್ತಿರುತ್ತದೆ. ಹನ್ನೆರಡನೆಯ ಪ್ರತಿಯ ಹೊತ್ತಿಗೆ ಬರೆದವರಿಗೇ ತಾನು ಏನು ಹೇಳಹೊರಟಿದ್ದೆ ಎಂಬುದು ಮರೆತಿರುತ್ತದೆ. ಇನ್ನು "ಸೀಟು ಗ್ಯಾರಂಟಿ" ಎಂದವರ ಜೊತೆ ಎರಡನೇ ಮಾತೇ ಬೇಡ, ಸೀಟು ಕೊಡುವುದು ಅವರ ಕೈಯಲ್ಲಿಲ್ಲ.

"ನೀವು ಹೇಳಿ, ನಾವು ಬರೆಯುತ್ತೇವೆ" ಎನ್ನುವವರೂ ಇದ್ದಾರೆ. ಇದು ಗುಣಮಟ್ಟದ ಪ್ರಶ್ನೆಯಲ್ಲ. ಅರ್ಜಿಯ ಕೊನೆಯಲ್ಲಿ ಕೊಟ್ಟ ಮಾಹಿತಿ ನಿಜ, ಬರಹ ನನ್ನದೇ ಎಂಬ ಅರ್ಥದ ದೃಢೀಕರಣಕ್ಕೆ ನೀವೇ ಸಹಿ ಹಾಕುತ್ತೀರಿ. ಬೇರೆಯವರ ಬರಹವನ್ನು ತನ್ನದೆಂದು ಕೊಟ್ಟರೆ, ಎಲ್‌ಸ್ಯಾಟ್ ನಡೆಸುವ ಸಂಸ್ಥೆಯಾದ ಎಲ್‌ಎಸ್‌ಎಸಿ ಅದನ್ನು ಅಕ್ರಮವೆಂದು ವಿಚಾರಣೆ ಮಾಡಬಲ್ಲದು, ತೀರ್ಮಾನವನ್ನು ಕಾಲೇಜುಗಳಿಗೆ ತಿಳಿಸಬಲ್ಲದು. ಮೂರು ವರ್ಷ ಓದಿ ವಕೀಲಿಕೆಯ ಲೈಸೆನ್ಸಿಗಾಗಿ ಬಾರ್ ಸೇರುವಾಗ ನಡೆಯುವ 'ಕ್ಯಾರೆಕ್ಟರ್ ಅಂಡ್ ಫಿಟ್‌ನೆಸ್' ಎಂಬ ನಡತೆಯ ತಪಾಸಣೆಯಲ್ಲಿ ಈ ಹಳೇ ಅರ್ಜಿಯೂ ಮೇಜಿನ ಮೇಲೆ ಬರಬಹುದು. ಸಾಲ ಮಾಡಿ ಓದಿದ ಮೇಲೆ ಲೈಸೆನ್ಸಿಗೆ ಕಲ್ಲು ಬೀಳುವ ಕೆಲಸ ಇದು.

ಹಿನ್ನೆಲೆ, ಜನಾಂಗ, ವಲಸೆ ಕುರಿತ ಬರಹದ ವಿಷಯದಲ್ಲಿ ಈಗ ಸೇವೆಗಳು ಎರಡು ಗುಂಪಾಗಿವೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಪ್ರಕರಣಗಳಲ್ಲಿ ಜನಾಂಗ ಆಧಾರಿತ ಪ್ರವೇಶ ನೀತಿಯನ್ನು ರದ್ದುಮಾಡಿತು. ಅದನ್ನು ಓದಿ ಕೆಲವರು "ಜನಾಂಗದ ಮಾತೇ ಎತ್ತಬೇಡಿ" ಎನ್ನುತ್ತಾರೆ. ತೀರ್ಪು ಹಾಗೆ ಹೇಳಿಲ್ಲ. ಜನಾಂಗ ತನ್ನ ಬದುಕಿನ ಮೇಲೆ ಹೇಗೆ ಪರಿಣಾಮ ಬೀರಿತು ಎಂದು ಅಭ್ಯರ್ಥಿ ಬರೆದರೆ, ಆ ಅಭ್ಯರ್ಥಿಯ ಸ್ವಂತ ಗುಣ, ಸಾಮರ್ಥ್ಯಕ್ಕೆ ಅದು ಹೇಗೆ ಸಂಬಂಧಿಸಿದೆ ಎಂಬುದನ್ನು ಕಾಲೇಜು ಪರಿಗಣಿಸಲು ಅಡ್ಡಿಯಿಲ್ಲ ಎಂದು ಬಹುಮತದ ತೀರ್ಪೇ ಬಿಡಿಸಿ ಹೇಳಿದೆ. ಇನ್ನೊಂದು ಗುಂಪಿನವರು ಹೆಸರು ನೋಡಿದ ಕೂಡಲೇ ಮಸಾಲೆ ಡಬ್ಬಿ, ಅಮ್ಮನ ಸೀರೆ, ಎರಡು ಸಂಸ್ಕೃತಿಯ ನಡುವಿನ ಸೇತುವೆ ಎಂದು ವಿಷಯ ಹಚ್ಚುತ್ತಾರೆ. ಅವರಿಂದಲೂ ದೂರವಿರಿ. ಡಬ್ಬಿ ಯಾರ ಮನೆಯಲ್ಲಿಲ್ಲ?

ಎಐ ಸಾಧನಗಳ ಬಗ್ಗೆ ಎಲ್ಲ ಕಾಲೇಜಿಗೂ ಹೊಂದುವ ಒಂದು ಉತ್ತರವಿಲ್ಲ. 2023ರ ಸುತ್ತಿಗೆ ಮಿಷಿಗನ್ ಲಾ ಸ್ಕೂಲ್ ಬಳಸಕೂಡದು ಎಂದಿತು. ಅದೇ ಬೇಸಿಗೆಯಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಲಾ ಕಾಲೇಜು ಬಳಸಬಹುದು ಎಂದಿತು. ನಿಯಮಗಳು ಸುತ್ತಿನಿಂದ ಸುತ್ತಿಗೆ ಬದಲಾಗುತ್ತವೆ, ಹಾಗಾಗಿ ಪ್ರತಿ ಅರ್ಜಿಯ ದೃಢೀಕರಣದ ಪ್ಯಾರಾವನ್ನು ಸಹಿ ಮಾಡುವ ಮುನ್ನ ಪದ ಬಿಡದೆ ಓದಿ. ನಿಮ್ಮ ಸಲಹೆಗಾರರು ನಿಮ್ಮ ಕರಡನ್ನು ಎಐಗೆ ಹಾಕಿ ತಿದ್ದುತ್ತಾರೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಬಳಸಿಲ್ಲ ಎಂದು ನೀವು ಸಹಿ ಹಾಕಿ, ಅವರು ಬಳಸಿದ್ದರೆ ಸಿಕ್ಕಿಬೀಳುವುದು ನೀವೇ. ಬರಹದ ದೃಷ್ಟಿಯಿಂದಲೂ ಲಾಭ ಕಾಣಲಿಲ್ಲ: ಮೇಲಿನ ಅಜ್ಜಿಯ ಉದಾಹರಣೆಯಲ್ಲಿ ತಿದ್ದಿ ಬಂದ ವಾಕ್ಯದಂಥದನ್ನೇ ಅದು ಎರಡು ಸೆಕೆಂಡಿನಲ್ಲಿ ಬರೆದುಕೊಡುತ್ತದೆ.

ಪುಕ್ಕಟೆ ಸಿಗುವುದನ್ನು ಬಿಟ್ಟು ದುಡ್ಡಿನ ಸೇವೆಗೆ ಹೋಗುವವರೇ ಹೆಚ್ಚು. ಡಿಗ್ರಿ ಓದಿದ ಕಾಲೇಜಿನಲ್ಲಿ ಲಾ ಸ್ಕೂಲ್ ಅರ್ಜಿಗೆ ಸಲಹೆ ಕೊಡುವ ಪ್ರೀ-ಲಾ ಅಡ್ವೈಸರ್ ಇದ್ದರೆ ಹಳೇ ವಿದ್ಯಾರ್ಥಿಗಳಿಗೂ ಸಮಯ ಕೊಡುವುದುಂಟು. ಅವರಿಗೆ ಅರ್ಜಿಯ ಒಳಸುಳಿ ಗೊತ್ತು, ಆದರೆ ಅಕ್ಟೋಬರ್ ಬಂದರೆ ಕ್ಯೂ ಬೆಳೆಯುತ್ತದೆ. ಆಗಸ್ಟಿನಲ್ಲೇ ಹೋಗಿ. ವಿದ್ಯಾರ್ಥಿಗಳ ಬರಹಕ್ಕೆ ನೆರವಾಗುವ ಕಾಲೇಜಿನ ರೈಟಿಂಗ್ ಸೆಂಟರಿನವರದು ತದ್ವಿರುದ್ಧ: ಸಮಯ ಸಿಗುತ್ತದೆ, ಈ ಪ್ರಕಾರದ ಪರಿಚಯ ಕಡಿಮೆ. ಕ್ಲಾಸಿನ ಪ್ರಬಂಧವೆಂದು ತಿಳಿದು "ಮೊದಲ ಪ್ಯಾರಾದ ಕೊನೆಗೆ ವಾದ ಎಲ್ಲಿ?" ಎಂದು ಕೇಳುತ್ತಾರೆ. ಆ ಸಲಹೆ ಬಿಡಿ. "ಯಾವ ವಾಕ್ಯದಲ್ಲಿ ಎಡವಿದಿರಿ, ಅದನ್ನಷ್ಟೇ ಗುರುತು ಮಾಡಿ" ಎಂದು ಕೇಳಿದರೆ ದುಡ್ಡಿನ ಸಂಪಾದಕರಷ್ಟೇ ಚೆನ್ನಾಗಿ ಮಾಡಿಕೊಡುತ್ತಾರೆ. ಶಿಕಾಗೊ ವಿಶ್ವವಿದ್ಯಾಲಯದ ಲಾ ಸ್ಕೂಲ್ ತನ್ನಲ್ಲಿ ಸೇರಿದವರ ಕೆಲವು ಸ್ಟೇಟ್‌ಮೆಂಟುಗಳನ್ನು ತಾನೇ ಪ್ರಕಟಿಸಿದೆ. ಕರಡು ಮುಗಿದ ಮೇಲೆ ಓದಿ, ಮೊದಲಲ್ಲ. ಯೇಲ್‌ನ ಮಿರಿಯಮ್ ಇಂಗ್‌ಬರ್ ಮತ್ತು ಹಾರ್ವರ್ಡಿನ ಕ್ರಿಸ್ಟಿ ಜಾಬ್‌ಸನ್ ಅಲ್ಲಿನ ಅಡ್ಮಿಶನ್ ಮುಖ್ಯಸ್ಥರಾಗಿದ್ದಾಗ ಸೇರಿ ನಡೆಸಿದ ಪಾಡ್‌ಕಾಸ್ಟ್ ಇದೆ. ಕಡತ ಓದುವವರು ಆಚೆ ಕಡೆಯಿಂದ ಹೇಗೆ ಯೋಚಿಸುತ್ತಾರೆ ಎಂಬುದು ಯಾವ ಪ್ಯಾಕೇಜಿಗಿಂತ ಸ್ಪಷ್ಟವಾಗಿ ಅಲ್ಲಿ ಕೇಳಸಿಗುತ್ತದೆ.

ದುಡ್ಡು ಕಟ್ಟುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ನಿಮ್ಮದೊಂದು ಹಳೇ ಪ್ಯಾರಾ ಕಳಿಸಿ, ಐದು ಸಾಲಿನ ಟಿಪ್ಪಣಿ ಕೇಳಿ. ಟಿಪ್ಪಣಿ ಪ್ರಶ್ನೆಗಳ ರೂಪದಲ್ಲಿ ಬಂದರೆ ಮುಂದುವರಿಯಿರಿ, ತಿದ್ದಿದ ಪ್ಯಾರಾವೇ ಬಂದರೆ ಬೇಡ. ನಿಮ್ಮ ಕರಡು ಓದುವವರು ಯಾರೆಂದು ಹೆಸರು ಸಮೇತ ಗೊತ್ತಿರಲಿ. ಮಾರುವಾಗ ಮಾತಾಡುವವರು ಅಡ್ಮಿಶನ್ ಕಚೇರಿಯಲ್ಲಿ ಕೆಲಸ ಮಾಡಿದವರು, ಓದುವವರು ಗುತ್ತಿಗೆಯ ಹೊಸಬರು ಎಂಬುದು ಈ ವ್ಯಾಪಾರದಲ್ಲಿ ಮಾಮೂಲು. ಬಳಸದ ಗಂಟೆಗೆ ದುಡ್ಡು ವಾಪಸ್ ಬರುತ್ತದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಉಳಿದದ್ದು ಪ್ರೂಫ್ ನೋಡಿಸುವ ಸೇವೆ. ಬೆಲೆ ಕಡಿಮೆ, ಕೆಲಸ ನೇರ, ದೂರು ಕಡಿಮೆ. ಅಕ್ಷರ, ವಿರಾಮ, ಕಾಲೇಜಿನ ಹೆಸರು ಬಿಟ್ಟು ಬೇರೇನೂ ಮುಟ್ಟಬೇಡಿ ಎಂದು ಬರೆದೇ ಕೊಡಿ. ಕಾಲೇಜಿನ ಹೆಸರು ಏಕೆಂದರೆ, ಒಂದಕ್ಕೆ ಬರೆದ ಕೊನೆಯ ಪ್ಯಾರಾ ಇನ್ನೊಂದಕ್ಕೆ ಹೋಗುವುದು ಪ್ರತಿ ಸುತ್ತಿನಲ್ಲೂ ನಡೆಯುವ ತಪ್ಪು, ಬರೆದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬಂದ ಮೇಲೆ ಎಲ್ಲ ಬದಲಾವಣೆ ಒಪ್ಪಿ, ಕಾಮೆಂಟು ಅಳಿಸಿ, ಪಿಡಿಎಫ್ ಮಾಡಿ. ಪ್ರತಿ ಪುಟದ ಮೇಲೆ ಹೆಸರು ಮತ್ತು ಎಲ್ ಅಕ್ಷರದಿಂದ ಶುರುವಾಗುವ ಎಲ್‌ಎಸ್‌ಎಸಿ ಅಕೌಂಟ್ ನಂಬರ್ ಇರಲಿ. ಫೈಲಿನ ಹೆಸರಲ್ಲಿ 'ಫೈನಲ್ 7' ಎಂದಾಗಲೀ ತಿದ್ದಿಕೊಟ್ಟ ಕಂಪನಿಯ ಹೆಸರಾಗಲೀ ಉಳಿದಿಲ್ಲವೆಂದು ನೋಡಿಕೊಳ್ಳಿ. ಅಪ್‌ಲೋಡ್ ಮಾಡಿದ ಮೇಲೆ ಪ್ರಿವ್ಯೂ ತೆರೆದು ಕೊನೆಯ ಸಾಲು ಮೂರನೆಯ ಪುಟಕ್ಕೆ ಜಾರಿದೆಯೇ ನೋಡಿ. ಜಾರಿದ್ದರೆ ಫಾಂಟ್ ಕುಗ್ಗಿಸುವ ಬದಲು ಒಂದು ವಾಕ್ಯ ತೆಗೆಯಿರಿ. ಸಬ್‌ಮಿಟ್ ಒತ್ತಿದ ಮೇಲೆ ಫೈಲ್ ಬದಲಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ, ಅಡ್ಮಿಶನ್ ಕಚೇರಿಗೆ ಮೇಲ್ ಬರೆದು ಕೇಳಿಕೊಳ್ಳಬೇಕಾಗುತ್ತದೆ.